ಡಿಕ್ಕಿಯಲ್ಲಿದ್ದ ಕೋಟು

ಹೋಬರ್ಟ್ ಮೇನರ್‌ನ ಕಾರಿನ ಡಿಕ್ಕಿಯಲ್ಲಿ
ಸ್ಟೆಪ್ನಿಯ ಮೇಲೆ ಸದಾ ಮಡಚಿಟ್ಟ ಒಂದು ಕಪ್ಪು ಕೋಟು.
ಇಪ್ಪತ್ತೆರಡು ವರ್ಷ ಆ ಕಾರು ಓಡಿಸಿದವನು ನಾನು,
ಕೋಟಿಗೆ ಬ್ರಷ್ ಹಾಕಿದವನೂ ನಾನೇ.

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯಲ್ಲಿ
ರಸ್ತೆ, ರೈಲು, ಹೊಳೆ ಮೂರೂ ಒಂದೇ ಓಣಿಯಲ್ಲಿ
ಭುಜ ತಿಕ್ಕಿಕೊಂಡು ಸಾಗಬೇಕು.
ಬಿಸಿಲು ಹತ್ತಕ್ಕೆ ಬಂದು ಮೂರಕ್ಕೆ ಹೊರಟುಬಿಡುತ್ತದೆ,
ಸರ್ಕಾರಿ ಗುಮಾಸ್ತನ ಹಾಗೆ.
ಅಲ್ಲಿ ಯಾರು ಸತ್ತರೂ ಹೋಬರ್ಟ್ ಹಾಜರು.
ಭಾಷಣವಿಲ್ಲ. ಮೂಲೆಯಲ್ಲಿ ನಿಂತು, ಕೊನೆಗೆ ವಿಧವೆಯ ಹತ್ತಿರ ಹೋಗಿ
ಸತ್ತವನ ನಾಯಿಯ ಹೆಸರು ಹಿಡಿದು ಕೇಳುತ್ತಿದ್ದ:
'ರಸ್ಟಿ ಊಟ ಮಾಡ್ತಿದೆಯಾ?'
ಆ ಒಂದು ಮಾತಿಗೆ ಮನೆಯ ಐದೂ ವೋಟು.

ಲೆಕ್ಕಾಚಾರ ಅಂತೀರಿ. ಇದ್ದೀತು.
ಆದರೆ ರಾತ್ರಿ ಕಾರಿನಲ್ಲಿ ಅವನು ಅಳುವುದನ್ನು
ಕನ್ನಡಿಯಲ್ಲಿ ಕಂಡಿದ್ದೇನೆ. ಅಲ್ಲಿ ಮತದಾರರು ಯಾರಿದ್ದರು?

ಗಣಿ ಅವನಪ್ಪನ ಮೂರು ಬೆರಳು ತಿಂದಿತ್ತು.
ಉಳಿದೆರಡರಲ್ಲಿ ಅಪ್ಪ ಪಿಟೀಲು ನುಡಿಸುತ್ತಿದ್ದನಂತೆ,
ಕೆಟ್ಟದಾಗಿ.
ಮಗ ಕಂಪನಿ ಅಂಗಡಿಯಲ್ಲಿ ಬೂಟು ಮಾರಿದ,
ಇಪ್ಪತ್ತೇಳಕ್ಕೆ ಚುನಾವಣೆಗೆ ನಿಂತ.
ಗೆದ್ದದ್ದು ಅರವತ್ತೊಂದು ಮತದಲ್ಲಿ;
ಅದರಲ್ಲಿ ನಲವತ್ತು, ಅಜ್ಜಿಯ ಕಡೆಯ ನೆಂಟರದು.

ಚಾರ್ಲ್ಸ್‌ಟನ್ನಿನ ಶಾಸನಸಭೆಗೆ ಚಿನ್ನದ ತಗಡಿನ ಗುಮ್ಮಟ.
ಅದರ ಕೆಳಗೆ ಹೋಬರ್ಟ್ ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಲಿತ.
ಯೂನಿಯನ್ನಿನವರಿಗೂ ಬೆಳಕು, ಕಂಪನಿಗೂ ಬೆಳಕು,
ನೆರಳು ಯಾರಿಗೆ ಬಿತ್ತೋ ಅವರ ಮನೆಗೆ
ಕ್ರಿಸ್ಮಸ್‌ಗೊಂದು ಹ್ಯಾಮು.
ಎರಡು ಸೇತುವೆ ತಂದ. ಒಂದು ದವಾಖಾನೆ.
ನಮ್ಮೂರ ಹುಡುಗರು ಇವತ್ತಿಗೂ ಓದುವ ಶಾಲೆ. ಸುಳ್ಳು ಹೇಳಲಾರೆ.

ಆಮೇಲೆ ಆ ಮಸೂದೆ ಬಂತು.
ಬೆಟ್ಟದ ತಲೆಯಲ್ಲಿ ಕಂಪನಿ ಕಟ್ಟಿದ ಕರಿನೀರಿನ ಒಡ್ಡುಗಳನ್ನು
ಸರ್ಕಾರದವರು ವರ್ಷಕ್ಕೊಮ್ಮೆ ನೋಡಬೇಕು, ಅಷ್ಟೆ.
ಮೂರು ಸಲ ಅವನ ಹೆಸರು ಕೂಗಿದರು.
ನಾನು ಶೌಚಾಲಯದ ಹೊರಗೆ ಅವನ ಟೋಪಿ ಹಿಡಿದು ನಿಂತಿದ್ದೆ.
ಒಳಗೆ ನಲ್ಲಿ ಹರಿಯುತ್ತಿತ್ತು,
ಹರಿಯುತ್ತಲೇ ಇತ್ತು.
ಮಸೂದೆ ಒಂದು ಮತದಿಂದ ಬಿತ್ತು.

ಹದಿನಾಲ್ಕು ತಿಂಗಳಾದ ಮೇಲೆ, ಮಾರ್ಚಿಯ ಒಂದು ಬೆಳಗಿನ ಜಾವ,
ಲಾಸ್ಟ್ ಮ್ಯೂಲ್ ಕ್ರೀಕಿನ ಮೇಲಿನ ಒಡ್ಡು ಒಡೆಯಿತು.
ನೀರಲ್ಲ ಅದು, ಕಡೆದ ರಾತ್ರಿಯಂಥ ಕೆಸರು.
ಒಂಬತ್ತು ಮಂದಿ.
ಮರದ ಕೊಂಬೆಯಲ್ಲಿ ಒಂದು ತೊಟ್ಟಿಲ ಬಟ್ಟೆ,
ಒಗೆದು ಹರವಿದ ಹಾಗೆ.

ಒಂಬತ್ತು ಅಂತ್ಯಕ್ರಿಯೆಗೂ ಹೋದ. ಒಂದೇ ಕೋಟು.
ಕೊನೆಯದು ಓಫಾ ಸ್ಟಿಲ್ಟ್ನರ್‌ಳ ಗಂಡನದು, ಮಗನದು.
ನಾಯಿಯ ಹೆಸರು ಕೇಳಲು ಅವನ ಬಾಯಿ ತೆರೆಯಲಿಲ್ಲ.
ಅವಳೇ ಅವನ ಕೈ ಹಿಡಿದುಕೊಂಡಳು:
'ಬಂದೆಯಲ್ಲ ಹೋಬರ್ಟ್. ನೀನು ಯಾವತ್ತೂ ಬರ್ತೀಯ.'
ಬೈದಿದ್ದರೆ ಬದುಕುತ್ತಿದ್ದ ಅಂತ ನನಗೆ ಅನಿಸುತ್ತದೆ.

ಬದುಕಿದ, ಹೌದು. ಇನ್ನೂ ನಾಲ್ಕು ಸಲ ಗೆದ್ದ.
ಶಾಲೆಯ ಗೋಡೆಯಲ್ಲಿ ಫೋಟೋ, ಸೇತುವೆಗೆ ಹೆಸರು.
ಕಾರಿನಲ್ಲಿ ಮಾತ್ರ ರೇಡಿಯೋ ಹಾಕಬೇಡ ಅನ್ನುತ್ತಿದ್ದ,
ಹೋಟೆಲಿನಲ್ಲಿ ಸೋರುವ ನಲ್ಲಿ ಇದ್ದರೆ
ನಡುರಾತ್ರಿ ನನ್ನನ್ನು ಎಬ್ಬಿಸಿ ಕೋಣೆ ಬದಲಿಸುತ್ತಿದ್ದ.

ಎಪ್ಪತ್ತೆಂಟಕ್ಕೆ ತೀರಿಕೊಂಡ. ಅದೇ ಕೋಟು ತೊಡಿಸಿದರು.
ರಾಜ್ಯಪಾಲರ ಕಡೆಯಿಂದ ಹೂವು ಬಂತು,
ಕಂಪನಿಯಿಂದ ಇನ್ನೂ ದೊಡ್ಡ ಹೂವು.
ಎಲ್ಲ ಮುಗಿದ ಮೇಲೆ ಕೋಲೂರಿಕೊಂಡು ಓಫಾ ಬಂದಳು:
'ಆವತ್ತು ಹೆಸರು ಕೂಗುವಾಗ ಏನು ಮಾಡ್ತಿದ್ದ ಅವನು?
ನೀನಿದ್ದೆಯಲ್ಲ.'

ಮೂವತ್ತು ವರ್ಷ ಯಾರೂ ಕೇಳಿರಲಿಲ್ಲ ನನ್ನನ್ನು.
'ಕೈ ತೊಳೀತಿದ್ದ,' ಅಂದೆ.

ಅವಳು ಸುಮ್ಮನೆ ಗುಡ್ಡದ ಕಡೆ ನೋಡಿದಳು.
ಮತ್ತೆ, ಮನೆ ನಾಲ್ಕು ಮೈಲಿ, ಬಿಡ್ತೀಯಾ ಎಂದಳು.
ಕೂರಿಸಿಕೊಂಡು ಹೊರಟೆ.
ಅವನ ಸೇತುವೆ ದಾಟುವಾಗ ಕಾರು ಕುಲುಕಿತು,
ಖಾಲಿ ಡಿಕ್ಕಿಯಲ್ಲಿ ಸ್ಟೆಪ್ನಿಯೊಂದು
ಆಚೆಗೊಮ್ಮೆ ಈಚೆಗೊಮ್ಮೆ ಬಡಿಯಿತು.